ಎಗ್ ಫ್ರೀಜಿಂಗ್ ಮತ್ತು ಸಂತಾನಶಕ್ತಿಯ ರಕ್ಷಣೆ: ವಿಜಯಪುರದ ನರ್ಸಿಂಗ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಸೂತಿ ಮತ್ತು ಸ್ತ್ರೀರೋಗ ಶುಶ್ರೂಷೆಯ ತರಗತಿಯಲ್ಲಿ ಎಗ್ ಫ್ರೀಜಿಂಗ್, ಅಂದರೆ ಅಂಡಾಣುವನ್ನು ಹೊರತೆಗೆದು ಮುಂದಿನ ಬಳಕೆಗೆ ಅತಿಶೀತದಲ್ಲಿ ಕಾಪಿಡುವ ವಿಷಯ ಬಂದಾಗ ಕೈ ಎತ್ತಿ ಕೇಳುವವರು ಕಡಿಮೆ. ಪ್ರಶ್ನೆಗಳು ಆಮೇಲೆ ಬರುತ್ತವೆ: ವಾರ್ಡಿನ ಮೂಲೆಯಲ್ಲಿ, ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ, ಮಡಚಿದ ಚೀಟಿಯಲ್ಲಿ. ಹಾಗೆ ಬಂದವುಗಳನ್ನು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರ ಬರೆದಿದ್ದೇನೆ. ಪುಸ್ತಕದಲ್ಲಿ ಸಿಗುವುದನ್ನು ಚುಟುಕಾಗಿ ಮುಗಿಸಿ, ರೋಗಿಯ ಪಕ್ಕ ನಿಂತಾಗ ಬೇಕಾಗುವುದನ್ನು ಹೆಚ್ಚು ಬಿಡಿಸಿದ್ದೇನೆ.

ಇದೆಲ್ಲ ಬೆಂಗಳೂರು, ಮುಂಬಯಿ ಮಂದಿ ವಿಷಯ ಅಲ್ಲೇನ್ರಿ ಮೇಡಂ? ನಮ್ಮ ವಿಜಯಪುರಕ್ಕ ಇದ್ಯಾಕ ಬೇಕು?

ಸಿನಿಮಾ ನಟಿಯರು ಎಗ್ ಫ್ರೀಜ್ ಮಾಡಿಸಿದ ಸುದ್ದಿಯನ್ನೇ ಓದಿದವರಿಗೆ ಹಾಗೆ ಅನಿಸುವುದು ಸಹಜ. ಓದು, ನೌಕರಿ ಎಂದು ತಾಯ್ತನವನ್ನು ಮುಂದೂಡುವವರು ಮಾಡಿಸಿಕೊಳ್ಳುವುದು ಒಂದು ಬಗೆ. ನಿಮ್ಮ ವಾರ್ಡಿಗೆ ಬರುವುದು ಇನ್ನೊಂದು ಬಗೆ. ಅಲ್ಲಿ ಕಾಯಿಲೆಯೋ ಅದರ ಚಿಕಿತ್ಸೆಯೋ ಅಂಡಾಶಯವನ್ನು ಕೆಡಿಸುತ್ತದೆ. ಇಂಡಿ ಕಡೆಯ ಇಪ್ಪತ್ತಾರರ ಹೆಣ್ಣುಮಗಳ ಎದೆಯ ಗಡ್ಡೆ ಕ್ಯಾನ್ಸರ್ ಎಂದು ರಿಪೋರ್ಟ್ ಬರಬಹುದು. ಸಿಂದಗಿಯ ಕಾಲೇಜು ಹುಡುಗಿಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಮೂತ್ರಪಿಂಡಕ್ಕೆ ಇಳಿದಿರಬಹುದು. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಮಗುವಿಗೆ ಅಸ್ಥಿಮಜ್ಜೆ ಕಸಿ ಮಾಡಿಸಲು ಮನೆಯವರು ಓಡಾಡುತ್ತಿರಬಹುದು.

ಇಂಥವರು ಸೊಲ್ಲಾಪುರ, ಬಾರ್ಶಿ, ಮೀರಜ್, ಹುಬ್ಬಳ್ಳಿ, ಇಲ್ಲವೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಆದರೆ ಮೊದಲ ಸ್ಕ್ಯಾನು, ಮೊದಲ ಬಯಾಪ್ಸಿ ಬಹಳ ಸಲ ಇಲ್ಲೇ ಆಗಿರುತ್ತದೆ. ರೋಗ ಗೊತ್ತಾದ ದಿನಕ್ಕೂ ಮೊದಲ ಕೀಮೋಗೂ ನಡುವೆ ಇರುವುದು ಕೆಲವೇ ವಾರ. ಡಾಕ್ಟರ ಗಮನವೆಲ್ಲ ಜೀವ ಉಳಿಸುವುದರ ಮೇಲೆ, ಮನೆಯವರ ಗಮನ ದುಡ್ಡು ಹೊಂದಿಸುವುದರ ಮೇಲೆ. "ಇಕಿಗಿ ಮುಂದ ಮಕ್ಳಾಗ್ತಾವೇನ್ರಿ ಸಿಸ್ಟರ್?" ಎಂದು ಅವ್ವ ಕೇಳುವುದು ಸಲೈನ್ ಹಚ್ಚುತ್ತಿರುವ ನಿಮ್ಮನ್ನು. ಕೀಮೋ ಆರಂಭವಾದ ಮೇಲೆ ಉತ್ತರ ಹುಡುಕಿದರೆ ಅರ್ಧ ದಾರಿ ಮುಚ್ಚಿಹೋಗಿರುತ್ತದೆ. ನಾನು ಈ ಪಾಠವನ್ನು ಬಿಡದೆ ಮಾಡುವುದು ಇದಕ್ಕಾಗಿಯೇ.

ಎಗ್ ಫ್ರೀಜಿಂಗ್ ಅಂದ್ರ ಸರಿಯಾಗಿ ಏನೇನು ಮಾಡ್ತಾರ?

ಸಾಮಾನ್ಯವಾಗಿ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಸ್ಕ್ಯಾನ್ ಮಾಡಿ, ಅಂಡಾಶಯದಲ್ಲಿ ಎಷ್ಟು ಸಣ್ಣ ಕೋಶಕಗಳಿವೆ (ಅಂಡಾಣು ಬೆಳೆಯುವ ಪುಟ್ಟ ಚೀಲಗಳು) ಎಂದು ಎಣಿಸುತ್ತಾರೆ. ಅಂಡಾಣುಗಳ ಸಂಗ್ರಹದ ಅಂದಾಜು ಕೊಡುವ ಎಎಂಎಚ್ ಎಂಬ ರಕ್ತಪರೀಕ್ಷೆಯೂ ಆಗಿರುತ್ತದೆ. ನಂತರ ಸುಮಾರು 10ರಿಂದ 12 ದಿನ ಪ್ರತಿದಿನ ಕೋಶಕಗಳನ್ನು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿನ ಚುಚ್ಚುಮದ್ದು, ಹೊಟ್ಟೆಯ ಚರ್ಮದ ಕೆಳಗೆ. ನಡುವೆ ಅಂಡಾಣು ತಾನಾಗಿ ಬಿಡುಗಡೆಯಾಗದಂತೆ ತಡೆಯುವ ಇನ್ನೊಂದು ಚುಚ್ಚುಮದ್ದು ಸೇರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್. ಕೋಶಕಗಳು ಬೆಳೆದ ಮೇಲೆ ಅಂಡಾಣುವನ್ನು ಪಕ್ವಗೊಳಿಸುವ "ಟ್ರಿಗರ್" ಚುಚ್ಚುಮದ್ದು, ಅದಾಗಿ 34ರಿಂದ 36 ಗಂಟೆಯೊಳಗೆ ಅಂಡಾಣು ಹೊರತೆಗೆಯುವುದು. ಅರಿವಳಿಕೆ ಕೊಟ್ಟು, ಸ್ಕ್ಯಾನ್ ನೋಡುತ್ತ, ಯೋನಿಯ ಮೂಲಕ ಸೂಜಿ ಹಾಯಿಸಿ ಕೋಶಕದ ದ್ರವ ಹೀರುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆ ಇರುವುದಿಲ್ಲ, ಹೆಚ್ಚಿನವರು ಅಂದೇ ಮನೆಗೆ ಹೋಗುತ್ತಾರೆ.

ಸಿಕ್ಕ ಅಂಡಾಣುಗಳಲ್ಲಿ ಪಕ್ವವಾದವನ್ನಷ್ಟೇ ಆಯ್ದು ಫ್ರೀಜ್ ಮಾಡುತ್ತಾರೆ. ಮುಂದೆ ಬೇಕಾದಾಗ ಕರಗಿಸಿ, ಒಂದೊಂದರೊಳಕ್ಕೂ ಒಂದು ವೀರ್ಯಾಣುವನ್ನು ಚುಚ್ಚಿ ಸೇರಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಇಡುತ್ತಾರೆ.

ಬರ್ಫ ಆದ ಮ್ಯಾಲೆ ಜೀವಕೋಶ ಹೆಂಗ ಉಳೀತದ?

ಬರ್ಫ ಆಗಲು ಬಿಟ್ಟರೆ ಉಳಿಯುವುದಿಲ್ಲ. ಫ್ರೀಜರಿನಲ್ಲಿಟ್ಟ ಟೊಮೆಟೊ ಹೊರತೆಗೆದಾಗ ಮೆತ್ತಗಾಗಿ ನೀರೊಡೆಯುತ್ತದಲ್ಲ, ಒಳಗಿನ ನೀರು ಹರಳುಗಟ್ಟಿ ಕೋಶಗಳ ಗೋಡೆ ಸೀಳಿದ್ದರಿಂದ ಹಾಗಾಗುತ್ತದೆ. ಅಂಡಾಣು ಮನುಷ್ಯದೇಹದ ಅತಿ ದೊಡ್ಡ ಜೀವಕೋಶಗಳಲ್ಲಿ ಒಂದು, ಅದರಲ್ಲಿ ನೀರು ಬಹಳ. ಹಿಂದೆ ನಿಧಾನವಾಗಿ ತಂಪು ಮಾಡುತ್ತಿದ್ದಾಗ ಅನೇಕ ಅಂಡಾಣುಗಳು ಸಾಯುತ್ತಿದ್ದವು. ಈಗಿನ ವಿಟ್ರಿಫಿಕೇಶನ್ ವಿಧಾನದಲ್ಲಿ ಮೊದಲು ರಕ್ಷಕ ದ್ರಾವಣದಲ್ಲಿಟ್ಟು ನೀರಿನಂಶ ಹೊರಗೆಳೆದು, ಕ್ಷಣಮಾತ್ರದಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಅದ್ದುತ್ತಾರೆ. ಹರಳು ಕಟ್ಟಲು ಸಮಯವೇ ಸಿಗದೆ ಒಳಗಿನದೆಲ್ಲ ಗಾಜಿನಂತಾಗುತ್ತದೆ.

ಫ್ರೀಜ್ ಮಾಡಿದ ಅಂಡಾಣುವಿನಿಂದ ಮೊದಲ ಹೆರಿಗೆ ವರದಿಯಾದದ್ದು 1986ರಲ್ಲಿ, ಆಸ್ಟ್ರೇಲಿಯಾದಿಂದ. ಆದರೂ ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ ಇದಕ್ಕಿದ್ದ "ಪ್ರಾಯೋಗಿಕ" ಎಂಬ ಹಣೆಪಟ್ಟಿ ತೆಗೆದದ್ದು 2012ರಲ್ಲಿ. ಭ್ರೂಣ ಫ್ರೀಜ್ ಮಾಡುವ ಕಥೆಯಲ್ಲಿ ನಮ್ಮ ದೇಶದ ಹೆಸರೂ ಇದೆ. 1978ರ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಹುಟ್ಟಿದ ದುರ್ಗಾ ಎಂಬ ಮಗು ಫ್ರೀಜ್ ಮಾಡಿ ಕರಗಿಸಿದ ಭ್ರೂಣದಿಂದ ಬಂದದ್ದು ಎಂದು ಡಾ. ಸುಭಾಷ್ ಮುಖೋಪಾಧ್ಯಾಯ ಹೇಳಿದಾಗ ಸರ್ಕಾರ ನೇಮಿಸಿದ ಸಮಿತಿ ನಂಬಲಿಲ್ಲ. ಮನ್ನಣೆ ಸಿಕ್ಕಿದ್ದು ಅವರು ತೀರಿಹೋದ ಎಷ್ಟೋ ವರ್ಷಗಳ ಮೇಲೆ.

ಹಿಂಗ ಒಮ್ಮೆಲೆ ಹತ್ತು ಹದಿನೈದು ಅಂಡಾಣು ತಗದ್ರ ಲಗೂ ಖಾಲಿ ಆಗಂಗಿಲ್ಲೇನ್ರಿ?

ಆಗುವುದಿಲ್ಲ. ರೋಗಿಗಳ ಮನೆಯವರೂ ಇದನ್ನು ಕೇಳುತ್ತಾರೆ, ಹಾಗಾಗಿ ಸರಿಯಾಗಿ ತಿಳಿದುಕೊಳ್ಳಿ. ಹೆಣ್ಣುಮಗು ಹುಟ್ಟುವಾಗ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಜೀವಮಾನದಲ್ಲಿ ಬಿಡುಗಡೆಯಾಗುವುದು ನಾನೂರು ಐನೂರು ಮಾತ್ರ. ಉಳಿದವೆಲ್ಲ ತಾವಾಗಿ ನಶಿಸುತ್ತವೆ. ಪ್ರತಿ ತಿಂಗಳೂ ಒಂದು ಗುಂಪು ಕೋಶಕಗಳು ಬೆಳೆಯಲು ಹೊರಟು, ಒಂದು ಮುಂದೆ ಹೋಗಿ ಮಿಕ್ಕವು ಸಾಯುತ್ತವೆ. ಚುಚ್ಚುಮದ್ದು ಬೆಳೆಸುವುದು ಆ ತಿಂಗಳು ಹೇಗೂ ಸಾಯಲಿದ್ದವನ್ನು. ಮುಂದಿನ ತಿಂಗಳುಗಳ ಗಂಟಿಗೆ ಅದು ಕೈ ಹಾಕುವುದಿಲ್ಲ.

ಯಾವ ಔಷಧದಿಂದ ಅಂಡಾಶಯಕ್ಕ ಜಾಸ್ತಿ ಪೆಟ್ಟು?

ಕೀಮೋ ಚಾರ್ಟಿನಲ್ಲಿ ಈ ಹೆಸರುಗಳು ಕಂಡರೆ ನಿಮ್ಮ ಕಿವಿ ನೆಟ್ಟಗಾಗಬೇಕು: ಸೈಕ್ಲೋಫಾಸ್ಫಮೈಡ್, ಐಫಾಸ್ಫಮೈಡ್, ಬುಸಲ್ಫಾನ್, ಮೆಲ್ಫಲಾನ್, ಪ್ರೊಕಾರ್ಬಜೀನ್. ಇವು ಆಲ್ಕೈಲೇಟಿಂಗ್ ಗುಂಪಿನವು, ನಿದ್ದೆಯಲ್ಲಿರುವ ಕೋಶಕಗಳನ್ನೂ ಬಿಡುವುದಿಲ್ಲ. ಡೋಸ್ ಹೆಚ್ಚಿದಷ್ಟೂ, ರೋಗಿಯ ವಯಸ್ಸು ಹೆಚ್ಚಿದಷ್ಟೂ ಹಾನಿ ಹೆಚ್ಚು. ಮೆಥೊಟ್ರೆಕ್ಸೇಟ್, ವಿಂಕ್ರಿಸ್ಟಿನ್, ಬ್ಲಿಯೋಮೈಸಿನ್‌ಗಳಿಂದ ಅಪಾಯ ಕಡಿಮೆ. ಹೊಟ್ಟೆಯ ಕೆಳಭಾಗಕ್ಕೆ ಕೊಡುವ ರೇಡಿಯೇಶನ್, ಕಸಿಗೆ ಮುಂಚೆ ಇಡೀ ಮೈಗೆ ಕೊಡುವ ರೇಡಿಯೇಶನ್ ಬಹಳ ಕೆಟ್ಟವು. ಸುಮಾರು 2 ಗ್ರೇ (ರೇಡಿಯೇಶನ್ ಅಳೆಯುವ ಮಾನ) ಪ್ರಮಾಣ ಸಾಕು, ಅರ್ಧದಷ್ಟು ಅಂಡಾಣುಗಳು ನಾಶವಾಗಲು. ಕೆಳಹೊಟ್ಟೆಯ ರೇಡಿಯೇಶನ್ ಗರ್ಭಕೋಶದ ಹಿಗ್ಗುವ ಗುಣವನ್ನೂ ಕುಗ್ಗಿಸುತ್ತದೆ.

ಸೈಕ್ಲೋಫಾಸ್ಫಮೈಡ್ ಕ್ಯಾನ್ಸರ್ ವಾರ್ಡಿನಲ್ಲಿ ಮಾತ್ರ ಇರುವ ಔಷಧವಲ್ಲ. ಲೂಪಸ್ ರೋಗಿಗೆ ಮೆಡಿಸಿನ್ ವಾರ್ಡಿನಲ್ಲೇ ಸಲೈನಿನಲ್ಲಿ ಹಾಕಿ ಕೊಡುತ್ತಾರೆ. ಅಲ್ಲಿ ಮಕ್ಕಳ ಮಾತು ಇನ್ನೂ ಕಡಿಮೆ ಏಳುತ್ತದೆ. ಅಂಡಾಶಯದ ಚಾಕಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಚೀಲ) ತೆಗೆಯುವ ಶಸ್ತ್ರಚಿಕಿತ್ಸೆಯಿಂದಲೂ ಅಂಡಾಣುಗಳ ಸಂಗ್ರಹ ಕುಗ್ಗಬಹುದು.

ಕ್ಯಾನ್ಸರ್ ಇದ್ದಾಕಿಗೆ ಮುಟ್ಟು ಬರೂತನಾ ಕಾಯಾಕ ಆಗ್ತದೇನ್ರಿ? ಹಾರ್ಮೋನ್ ಕೊಟ್ರ ಗಡ್ಡಿ ಬೆಳೆಯಂಗಿಲ್ಲೇನು?

ಕಾಯಬೇಕಿಲ್ಲ. "ರ‍್ಯಾಂಡಮ್ ಸ್ಟಾರ್ಟ್" ಎಂಬ ಕ್ರಮದಲ್ಲಿ ತಿಂಗಳ ಯಾವ ದಿನ ಬೇಕಾದರೂ ಚುಚ್ಚುಮದ್ದು ಆರಂಭಿಸಬಹುದು, ಎರಡು ವಾರದಲ್ಲಿ ಎಲ್ಲ ಮುಗಿಯುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಈಸ್ಟ್ರೊಜನ್ ಹಾರ್ಮೋನು ಏರದಂತೆ ಲೆಟ್ರೋಜೋಲ್ ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ. ಹೀಗೆ ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಗಿದೆ ಎಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಆದರೆ ತೀವ್ರ ಲ್ಯುಕೇಮಿಯಾದಂಥ (ರಕ್ತದ ಕ್ಯಾನ್ಸರ್) ಕಾಯಿಲೆಯಲ್ಲಿ ಎರಡು ವಾರವೂ ಸಿಗುವುದಿಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯವಿರುವ ಲೂಪಸ್ ರೋಗಿಯಲ್ಲಿ ಈಸ್ಟ್ರೊಜನ್ ಏರುವುದೇ ಗಂಡಾಂತರ. ಯಾರಿಗೆ ಆಗುತ್ತದೆ, ಯಾರಿಗೆ ಆಗದು ಎಂದು ತೀರ್ಮಾನಿಸುವುದು ರೋಗದ ಚಿಕಿತ್ಸೆಯ ಮತ್ತು ಸಂತಾನ ಚಿಕಿತ್ಸೆಯ ತಜ್ಞರು ಮಾತಾಡಿಕೊಂಡು. ಆ ಮಾತು ಕೀಮೋಗೆ ಮುಂಚೆ ನಡೆಯುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ತರಗತಿಯಲ್ಲಿ ನಾನು ಒಂದು ಲೆಕ್ಕ ಮಾಡಿಸುತ್ತೇನೆ. ಬೋರ್ಡಿನ ಮೇಲೆ ಕೀಮೋ ತಾರೀಖು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸಿ: ಅಂಡಾಣು ತೆಗೆಯುವ ದಿನ, ಟ್ರಿಗರ್ ದಿನ, ಮೊದಲ ಚುಚ್ಚುಮದ್ದಿನ ದಿನ, ತಜ್ಞರ ಭೇಟಿಯ ದಿನ. ರೋಗಿಗೆ ವಿಷಯ ಹೇಳಬೇಕಾದ ದಿನ ಬಯಾಪ್ಸಿ ರಿಪೋರ್ಟಿನ ದಿನಕ್ಕೇ ಬಂದು ನಿಲ್ಲುತ್ತದೆ. ಇದನ್ನು ಒಮ್ಮೆ ಕೈಯಾರೆ ಎಣಿಸಿ ನೋಡಿ.

ಎಗ್ ಫ್ರೀಜಿಂಗ್ ಬಿಟ್ಟು ಬ್ಯಾರೆ ದಾರಿ ಅದಾವೇನ್ರಿ?

ಮದುವೆಯಾದವರು ಭ್ರೂಣ ಫ್ರೀಜ್ ಮಾಡಿಸಬಹುದು. ಇನ್ನೂ ಮೈನೆರೆಯದ ಹುಡುಗಿಗೆ ಚುಚ್ಚುಮದ್ದು ಕೊಟ್ಟು ಅಂಡಾಣು ಬೆಳೆಸಲಾಗದು. ಅವಳಿಗಿರುವುದು ಅಂಡಾಶಯದ ಹೊರಪದರದ ತುಂಡನ್ನು ತೆಗೆದು ಫ್ರೀಜ್ ಮಾಡುವ ದಾರಿ. ಹಾಗೆ ಇಟ್ಟ ಅಂಗಾಂಶವನ್ನು ಮತ್ತೆ ಕಸಿ ಮಾಡಿದ ಮೇಲಿನ ಮೊದಲ ಹೆರಿಗೆ ಬೆಲ್ಜಿಯಂನಿಂದ 2004ರಲ್ಲಿ ವರದಿಯಾಯಿತು. ಎಲ್ಲ ಕಡೆ ಸಿಗುವ ಸೌಲಭ್ಯ ಇದಲ್ಲ. ರೇಡಿಯೇಶನ್ ಬೀಳುವ ಜಾಗದಿಂದ ಅಂಡಾಶಯವನ್ನು ಮೇಲಕ್ಕೆ ಸರಿಸಿ ಹೊಲಿಯುವ ಶಸ್ತ್ರಚಿಕಿತ್ಸೆಯೂ ಇದೆ. ಕೀಮೋ ಜೊತೆ ತಿಂಗಳಿಗೊಮ್ಮೆ ಗೊಸೆರೆಲಿನ್‌ನಂಥ ಚುಚ್ಚುಮದ್ದು ಕೊಟ್ಟು ಅಂಡಾಶಯವನ್ನು ಮಲಗಿಸಿಡುವ ಕ್ರಮ ಸ್ತನ ಕ್ಯಾನ್ಸರಿನಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಗಂಡುಮಕ್ಕಳನ್ನು ಮರೆಯಬೇಡಿ. ಹದಿನೆಂಟರ ಹುಡುಗನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಬಂದರೆ ವೀರ್ಯ ಫ್ರೀಜ್ ಮಾಡುವುದು ಒಂದೆರಡು ದಿನದ ಕೆಲಸ, ಖರ್ಚೂ ಕಡಿಮೆ. ಕೇಳಲು ಎಲ್ಲರಿಗೂ ನಾಚಿಕೆ ಎಂಬ ಒಂದೇ ಕಾರಣಕ್ಕೆ ಅದು ತಪ್ಪಿಹೋಗುವುದು ನನಗೆ ಬಹಳ ನೋವು ಕೊಡುವ ಸಂಗತಿ.

ಕೀಮೋ ಆದ ಮ್ಯಾಲೆ ಮುಟ್ಟು ತಿರುಗಿ ಬಂದ್ರ ಎಲ್ಲಾ ಸರಿ ಆದಂಗ ಅಲ್ಲೇನ್ರಿ?

ಅಲ್ಲ. ಅಂಡಾಣುಗಳ ಸಂಗ್ರಹ ಬಹಳ ಕುಸಿದಿದ್ದರೂ ಮುಟ್ಟು ಕೆಲವು ವರ್ಷ ಬರುತ್ತಿರಬಹುದು, ಆಮೇಲೆ ಬೇಗ ನಿಲ್ಲಬಹುದು. ತಿರುವುಮುರುವೂ ನಿಜ: ಮುಟ್ಟು ನಿಂತಿದ್ದರೂ ಕೆಲವೊಮ್ಮೆ ಗರ್ಭ ನಿಲ್ಲುತ್ತದೆ. ಹಾಗಾಗಿ ಚಿಕಿತ್ಸೆಯ ಕಾಲದಲ್ಲಿ ಗರ್ಭನಿರೋಧಕದ ಬಗ್ಗೆಯೂ ಹೇಳಲೇಬೇಕು. ಇನ್ನೊಂದು ಮಾತು. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಟ್ಯಾಮೊಕ್ಸಿಫೆನ್ ಮಾತ್ರೆಯನ್ನು ಐದು ವರ್ಷ, ಕೆಲವರಿಗೆ ಹತ್ತು ವರ್ಷ ಕೊಡುತ್ತಾರೆ. ಔಷಧ ಅಂಡಾಶಯಕ್ಕೆ ಏನೂ ಮಾಡದಿದ್ದರೂ ಅಷ್ಟರಲ್ಲಿ ವಯಸ್ಸು ಏರಿರುತ್ತದೆ. ತಜ್ಞರ ನಿಗಾದಲ್ಲಿ ಈ ಚಿಕಿತ್ಸೆಯನ್ನು ಎರಡು ವರ್ಷದವರೆಗೆ ನಿಲ್ಲಿಸಿ ಗರ್ಭ ಧರಿಸಿದವರಲ್ಲಿ ಅಲ್ಪಾವಧಿಯಲ್ಲಿ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಗಲಿಲ್ಲ ಎಂದು 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ರೋಗಿ ತಾನಾಗಿ ಮಾತ್ರೆ ಬಿಡಬಾರದು ಎಂಬುದನ್ನೂ ಇದರ ಜೊತೆಗೇ ಹೇಳಿ.

ಇದರಾಗ ನರ್ಸ್ ಕೆಲಸ ಏನೈತ್ರಿ? ಎಲ್ಲಾ ಡಾಕ್ಟರು, ಲ್ಯಾಬಿನವ್ರೇ ಮಾಡ್ತಾರಲ್ಲ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಜೀನ್ ಪರ್ಡಿಯ ಬಗ್ಗೆ ಹೇಳುತ್ತೇನೆ. ಕೇಂಬ್ರಿಜ್‌ನಲ್ಲಿ ನರ್ಸಿಂಗ್ ತರಬೇತಿ ಪಡೆದವಳು. 1968ರಲ್ಲಿ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಅವರ ಪ್ರಯೋಗಾಲಯ ಸೇರಿ, ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಆಗಲಿದ್ದ ಭ್ರೂಣ ವಿಭಜನೆಯಾಗುವುದನ್ನು ಮೊದಲು ಕಂಡವಳು. 1985ರಲ್ಲಿ 39ನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡಳು. ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಂತು. ಅವರು ಎಷ್ಟು ಕೇಳಿಕೊಂಡರೂ ಆ ಶಿಶು ಹುಟ್ಟಿದ ಓಲ್ಡಮ್ ಆಸ್ಪತ್ರೆಯ ಮೊದಲ ಸ್ಮರಣಫಲಕದಲ್ಲಿ ಅವಳ ಹೆಸರು ಕೆತ್ತಿರಲಿಲ್ಲ. ಈ ವಿಜ್ಞಾನ ಹುಟ್ಟಿದ ಕೋಣೆಯಲ್ಲೇ ಒಬ್ಬ ನರ್ಸ್ ಇದ್ದಳು.

ಇನ್ನು ನಮ್ಮ ದಿನದ ಕೆಲಸ. ಹಾರ್ಮೋನಿನ ಚುಚ್ಚುಮದ್ದುಗಳಲ್ಲಿ ಹೆಚ್ಚಿನವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕೆಲವನ್ನು 25 ಡಿಗ್ರಿಯವರೆಗೆ ಸ್ವಲ್ಪ ಕಾಲ ಹೊರಗಿಡಬಹುದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟಿರುತ್ತದೆ, ಕರೆಂಟು ಹೋದರೆ ಮನೆಯೊಳಗೂ ಕಾವು. ಮುದ್ದೇಬಿಹಾಳಕ್ಕೆ ಬಸ್ಸಿನಲ್ಲಿ ಒಯ್ಯುವವರಿಗೆ ಐಸ್ ಪ್ಯಾಕ್ ಇಟ್ಟ ಡಬ್ಬಿ ಕೊಟ್ಟು, ಐಸಿಗೆ ನೇರ ತಾಗದಂತೆ ಬಟ್ಟೆ ಸುತ್ತಲು ತೋರಿಸಿ. ಲಸಿಕೆ ಡಬ್ಬಿ ಹಿಡಿದು ಊರೂರು ಸುತ್ತುವ ನಮ್ಮ ಎಎನ್‌ಎಂ ಅಕ್ಕಂದಿರಿಗೆ ಇದು ಹೊಸದಲ್ಲ.

ಟ್ರಿಗರಿನ ಹೊತ್ತು ತಪ್ಪಿದರೆ ಇಡೀ ಎರಡು ವಾರದ ಶ್ರಮ ನೀರುಪಾಲು. ಮಂಗಳವಾರ ಬೆಳಿಗ್ಗೆ 9ಕ್ಕೆ ಅಂಡಾಣು ತೆಗೆಯುವುದಿದ್ದು ವೈದ್ಯರು 36 ಗಂಟೆ ಎಂದಿದ್ದರೆ, ಚುಚ್ಚುಮದ್ದು ಭಾನುವಾರ ರಾತ್ರಿ 9ಕ್ಕೆ. ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ, ಆ ಹೊತ್ತಿಗೆ ಫೋನ್ ಮಾಡಿ ಕೇಳಿ.

ಆಮೇಲೆ ಅಪಾಯದ ಗುರುತುಗಳು. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡರೆ ಹೊಟ್ಟೆ ಉಬ್ಬುತ್ತದೆ, ದಿನಕ್ಕೆ 1 ಕಿಲೋಗಿಂತ ಹೆಚ್ಚು ತೂಕ ಏರುತ್ತದೆ, ವಾಂತಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಉಸಿರು ಕಟ್ಟುತ್ತದೆ. ಪಿಸಿಓಎಸ್ (ಅಂಡಾಶಯದಲ್ಲಿ ಸಣ್ಣ ಕೋಶಕಗಳು ತುಂಬಿರುವ ಹಾರ್ಮೋನಿನ ತೊಂದರೆ) ಇದ್ದವರಲ್ಲಿ, ಕಿರಿವಯಸ್ಸಿನ ತೆಳ್ಳಗಿನವರಲ್ಲಿ ಹೆಚ್ಚು. ಒಮ್ಮೆಲೆ ಹೊಟ್ಟೆಯ ಒಂದು ಬದಿ ತೀವ್ರ ನೋವು ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ಇವನ್ನು ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸುವಂತಿಲ್ಲ, ಕೂಡಲೆ ಆಸ್ಪತ್ರೆಗೆ ಬರಬೇಕು.

ಲಗ್ನ ಆಗದ ಹುಡುಗಿಗೆ ಒಳಗಿಂದ ಸ್ಕ್ಯಾನ್ ಮಾಡಿದ್ರ...

ಚೀಟಿಯಲ್ಲಿ ಈ ವಾಕ್ಯ ಯಾವಾಗಲೂ ಅರ್ಧಕ್ಕೇ ನಿಂತಿರುತ್ತದೆ. ಕನ್ಯಾಪೊರೆಯ ಬಗ್ಗೆ ಕೇಳುತ್ತಿದ್ದೀರಿ. ಸ್ಕ್ಯಾನನ್ನು ಹೊಟ್ಟೆಯ ಮೇಲಿಂದ ಅಥವಾ ಗುದದ್ವಾರದ ಮೂಲಕವೂ ಮಾಡಬಹುದು. ಅಂಡಾಣು ತೆಗೆಯುವುದಕ್ಕೆ ಮಾತ್ರ ಯೋನಿಯ ದಾರಿಯೇ ರೂಢಿಯದು, ಸುರಕ್ಷಿತವೂ ಹೌದು. ಕೆಲವರಲ್ಲಷ್ಟೇ ಹೊಟ್ಟೆಯ ಮೂಲಕ ಆಗುತ್ತದೆ. ಇದನ್ನು ಮೊದಲೇ, ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿ ಒಪ್ಪಿಗೆ ಪಡೆಯಬೇಕು. ಪೊರೆಯ ಸ್ಥಿತಿಯಿಂದ ಯಾರ ಬಗೆಗೂ ಏನೂ ಸಾಬೀತಾಗುವುದಿಲ್ಲ. ಆಟ, ಓಟದಿಂದಲೂ ಅದು ಹಿಗ್ಗಿರಬಹುದು, ಕೆಲವರಿಗೆ ಹುಟ್ಟಿನಿಂದಲೇ ಕಾಣುವಷ್ಟು ಇರುವುದಿಲ್ಲ. ಅವ್ವ ಹೆದರಿದ್ದರೆ ಗದರಬೇಡಿ, ಚಿತ್ರ ಬರೆದು ತೋರಿಸಿ.

ಎಷ್ಟು ಅಂಡಾಣು ಇಟ್ರ ಮಗು ಗ್ಯಾರಂಟಿ?

ಗ್ಯಾರಂಟಿ ಎಂಬುದಿಲ್ಲ. ಹಾಗೆ ಹೇಳುವ ಜಾಹೀರಾತು ಕಂಡರೆ ದೂರವಿರಿ. 2017ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಗಣಿತದ ಅಂದಾಜಿನ ಪ್ರಕಾರ ಕನಿಷ್ಠ ಒಂದು ಮಗು ಪಡೆಯುವ ಸಾಧ್ಯತೆ ನೂರಕ್ಕೆ 75 ಇರಬೇಕಾದರೆ 34ರ ವಯಸ್ಸಿನವಳಿಗೆ ಸುಮಾರು 10 ಪಕ್ವ ಅಂಡಾಣು, 37ರವಳಿಗೆ 20, 42ರವಳಿಗೆ 61 ಬೇಕು. ಒಂದು ಸಲಕ್ಕೆ ಅಷ್ಟು ಸಿಗುವುದು ವಯಸ್ಸು ಏರಿದಂತೆ ಕಷ್ಟ. ಫ್ರೀಜ್ ಮಾಡಿದ ದಿನದ ವಯಸ್ಸೇ ಅಂಡಾಣುವಿನ ವಯಸ್ಸು. ಗರ್ಭ ಹೊರುವ ದೇಹಕ್ಕೆ ಮಾತ್ರ ವರ್ಷ ಏರುತ್ತಲೇ ಇರುತ್ತದೆ.

ಖರ್ಚು ಒಂದು ಸಲಕ್ಕೆ ಲಕ್ಷ ದಾಟುತ್ತದೆ, ಪ್ರತಿವರ್ಷ ಇಡುವ ಬಾಡಿಗೆ ಬೇರೆ. ಮೊದಲೇ ಪೂರ್ತಿ ಲೆಕ್ಕ ಬರೆಸಿಕೊಳ್ಳಲು ರೋಗಿಗೆ ಹೇಳಿ.

ಕಾನೂನು ಏನ್ ಹೇಳ್ತದ?

ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021 ಜಾರಿಯಲ್ಲಿದೆ. ನೋಂದಾಯಿತ ಕೇಂದ್ರದಲ್ಲಿ ಮಾತ್ರ ಮಾಡಬೇಕು. 21 ದಾಟಿದ, 50 ಮುಟ್ಟದ ಹೆಣ್ಣಿಗೆ ಸೇವೆ ಕೊಡಬಹುದು, ಮದುವೆಯಾಗಿರಬೇಕೆಂದಿಲ್ಲ. ಅದಕ್ಕಿಂತ ಚಿಕ್ಕ ವಯಸ್ಸಿನ ಕ್ಯಾನ್ಸರ್ ರೋಗಿಯ ವಿಷಯವನ್ನು ನೋಂದಾಯಿತ ಕೇಂದ್ರದ ತಜ್ಞರಿಗೇ ಒಪ್ಪಿಸಿ, "ವಯಸ್ಸಾಗಿಲ್ಲ" ಎಂದು ನೀವೇ ಬಾಗಿಲು ಮುಚ್ಚಬೇಡಿ. ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಫ್ರೀಜ್ ಮಾಡುವಂತಿಲ್ಲ. ಅವಳು ತೀರಿಕೊಂಡರೆ ಅಥವಾ ಅಸಮರ್ಥಳಾದರೆ ಏನು ಮಾಡಬೇಕು ಎಂಬುದನ್ನೂ ಬರೆಸಿಕೊಳ್ಳಬೇಕು. ಈ ಭಾಗ ಓದಿ ಹೇಳುವಾಗ ಅವಸರ ಮಾಡಬೇಡಿ.

ಗಂಡುಮಗು ಆಗೂ ಅಂಡಾಣು ಆರಿಸಿ ಇಡಬಹುದೇನು ಅಂತ ರೋಗಿ ಅತ್ತಿ ಕೇಳಿದ್ಲು. ಏನ್ ಹೇಳ್ಬೇಕ್ರಿ?

ಅಂಡಾಣುಗಳೆಲ್ಲವೂ ಎಕ್ಸ್ ವರ್ಣತಂತುವಿನವೇ. ಗಂಡೋ ಹೆಣ್ಣೋ ಆಗುವುದು ವೀರ್ಯಾಣುವಿನಿಂದ. ಮಗುವಿನ ಲಿಂಗ ಆರಿಸುವುದು ಅಪರಾಧ. ಇಷ್ಟನ್ನು ಸ್ಪಷ್ಟವಾಗಿ ಹೇಳಿ.

"ಅಂಡಾಣು ಕೊಟ್ರ ರೊಕ್ಕ ಕೊಡ್ತೀವಿ" ಅಂತ ಹಾಸ್ಟೆಲ್ ಹುಡುಗಿಗೆ ಯಾರೋ ಹೇಳಿದ್ರಂತ.

ಹೋಗಬೇಡಿ, ಗೆಳತಿಯರನ್ನೂ ಬಿಡಬೇಡಿ. ದಾನಿಯ ವಯಸ್ಸು 23ರಿಂದ 35ರ ನಡುವೆ ಇರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು, 7ಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ನೋಂದಾಯಿತ ಬ್ಯಾಂಕಿನ ಮೂಲಕವೇ ನಡೆಯಬೇಕು. ಅಂಡಾಣು ಮಾರುವ ದಂಧೆಗೆ ಮೊದಲ ಸಲಕ್ಕೇ 5ರಿಂದ 10 ಲಕ್ಷ ರೂಪಾಯಿ ದಂಡ. ದಲ್ಲಾಳಿ ಹುಡುಗಿಗೆ ದುಡ್ಡಿನ ಮಾತಾಡುತ್ತಾನೆ, ಮೇಲೆ ಹೇಳಿದ ಅಪಾಯಗಳ ಮಾತಾಡುವುದಿಲ್ಲ. ಯಾರಾದರೂ ಬಂದರೆ ಹೆದರದೆ ನನ್ನಲ್ಲಿಗೋ ವಾರ್ಡನ್ ಹತ್ತಿರವೋ ಬನ್ನಿ.

ಹಂಗಾರ ನಾವೂ ಈಗ ಮಾಡಿಸ್ಬೇಕೇನ್ರಿ?

ಇಪ್ಪತ್ತೊಂದರ ಆರೋಗ್ಯವಂತ ಹುಡುಗಿಗೆ ಅಗತ್ಯವಿಲ್ಲ. ಅವ್ವನಿಗೋ ಅಕ್ಕನಿಗೋ 40ಕ್ಕಿಂತ ಮುಂಚೆ ಮುಟ್ಟು ನಿಂತಿದ್ದರೆ, ನಿಮಗೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದ್ದರೆ, ಅಂಡಾಶಯದ ಶಸ್ತ್ರಚಿಕಿತ್ಸೆ ಆಗಿದ್ದರೆ ಸ್ತ್ರೀರೋಗ ತಜ್ಞರನ್ನು ಒಮ್ಮೆ ಕಾಣಿ. ಎಎಂಎಚ್ ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಅದು ಅಂಡಾಣುಗಳ ಎಣಿಕೆಯ ಅಂದಾಜು ಕೊಡುತ್ತದೆ, ಗುಣವನ್ನಲ್ಲ. "ವಯಸ್ಸು ಹೋಗ್ತದ, ಲಗೂ ಲಗ್ನ ಮಾಡ್ಕೋ" ಎಂದು ನಿಮ್ಮ ಓದು ಬಿಡಿಸಲು ಯಾರಾದರೂ ಈ ಪಾಠವನ್ನೇ ಬಳಸಿದರೆ, ಡಿಗ್ರಿ ಮುಗಿಸುವ ನಾಲ್ಕು ವರ್ಷದಲ್ಲಿ ಅಂಥದ್ದೇನೂ ಕಳೆದುಹೋಗುವುದಿಲ್ಲ ಎಂದು ಹೇಳಿ.

ರೋಗಿ ಮುಂದ ಮಾತು ಹೆಂಗ ತೆಗೀಬೇಕ್ರಿ? ಮನ್ಯಾಗಿನವ್ರು "ಆಕಿಗಿ ಹೇಳಬ್ಯಾಡ್ರಿ" ಅಂದ್ರ?

ಮೊದಲು ಚಿಕಿತ್ಸೆ ನೋಡುವ ವೈದ್ಯರಿಗೆ ತಿಳಿಸಿ, ಆಮೇಲೆ ಪರದೆ ಎಳೆದು, ಕುರ್ಚಿ ಹಾಕಿ ಕೂತು ಮಾತಾಡಿ. ನಾನು ಕಲಿಸುವ ಮಾತು ಇಷ್ಟು: "ತಂಗೀ, ಈ ಔಷಧದಿಂದ ಮುಂದ ಮಕ್ಕಳಾಗೂದಕ್ಕ ತೊಂದ್ರಿ ಆಗಬಹುದು. ಎಲ್ಲಾರಿಗೂ ಆಗ್ತದಂತಲ್ಲ. ಚಾಲೂ ಮಾಡೂಕಿಂತ ಮದ್ಲ ಮಾಡೂವಂಥಾ ಉಪಾಯ ಅದಾವ. ಅದರ ಬಗ್ಗೆ ಡಾಕ್ಟರ್ ಹತ್ರ ಮಾತಾಡಬೇಕನಸ್ತದೇನು?" ಹೇಳಿ ಸುಮ್ಮನಿರಿ. ಅವಳು ಅಳಬಹುದು, ಬೇಡ ಅನ್ನಬಹುದು, ನಾಳೆ ಹೇಳುತ್ತೇನೆ ಅನ್ನಬಹುದು. ಬೇಡ ಎಂದರೆ ಅದು ಅವಳ ತೀರ್ಮಾನ, ಒತ್ತಾಯ ಸಲ್ಲದು. ಮಕ್ಕಳಿದ್ದಾರೆ, ಬಡವರು, ಮದುವೆಯಾಗಿಲ್ಲ, ವಿಧವೆ ಎಂದು ನೀವೇ ಊಹಿಸಿ ಹೇಳದೆ ಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಮನೆಯವರು ತಡೆಯುವುದು ಪ್ರೀತಿಯಿಂದಲೇ. ಅವರ ಜೊತೆ ಬೇರೆ ಕೂತು, "ಈಗ ಹೇಳದಿದ್ದರೆ ನಾಳೆ ಅವಳೇ ಕೇಳಿದಾಗ ಏನು ಹೇಳ್ತೀರಿ?" ಎಂದು ಕೇಳಿ. ಹದಿನೆಂಟು ದಾಟಿದವಳಿಗೆ ತನ್ನ ದೇಹಕ್ಕೆ ಏನಾಗಲಿದೆ ಎಂದು ತಿಳಿಯುವ ಹಕ್ಕಿದೆ, ಒಪ್ಪಿಗೆಯ ಸಹಿಯೂ ಅವಳದೇ.

ಮಾತಾದ ಮೇಲೆ ನರ್ಸಿಂಗ್ ನೋಟ್ಸಿನಲ್ಲಿ ತಾರೀಖು, ಹೊತ್ತು, ಏನು ಹೇಳಿದಿರಿ, ಅವಳು ಏನೆಂದಳು, ಯಾವ ವೈದ್ಯರಿಗೆ ತಿಳಿಸಿದಿರಿ ಎಂದು ಬರೆದು ಸಹಿ ಮಾಡಿ. ಅವಳು ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗುವುದಿದ್ದರೆ ರೆಫರಲ್ ಚೀಟಿಯಲ್ಲಿ ಒಂದು ಸಾಲು ಸೇರಿಸಲು ವೈದ್ಯರನ್ನು ಕೇಳಿ: "ಕೀಮೋಗೆ ಮುನ್ನ ಸಂತಾನಶಕ್ತಿ ರಕ್ಷಣೆಯ ಬಗ್ಗೆ ತಜ್ಞರ ಸಲಹೆ ಬೇಕು."